ಮಗುವಿಗಾಗಿ ಕಾಯುತ್ತಿರುವ ದಂಪತಿಗೆ: ಯಾವ ಪರೀಕ್ಷೆ ಮೊದಲು, ತಿಂಗಳ ಯಾವ ದಿನ, ಯಾಕೆ

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆಯಿಂದ ಹುಬ್ಬಳ್ಳಿಗೋ ಬೆಂಗಳೂರಿಗೋ ಹೈದರಾಬಾದಿಗೋ ಮಗುವಿನ ಚಿಕಿತ್ಸೆಗೆ ಹೋಗುವ ದಂಪತಿಯ ಫೈಲು ಬಿಚ್ಚಿದರೆ ಬಹಳ ಸಲ ಕಾಣುವುದು ಇಷ್ಟು: ಹೆಂಡತಿಯ ಹೆಸರಿನಲ್ಲಿ ಹತ್ತಾರು ಸ್ಕ್ಯಾನಿಂಗ್, ನಾಲ್ಕು ಲ್ಯಾಬಿನ ರಕ್ತ ಪರೀಕ್ಷೆ, ಗರ್ಭಕೋಶ ತೊಳೆಸಿದ ಚೀಟಿ; ಗಂಡನ ಹೆಸರಿನಲ್ಲಿ ಒಂದು ಕಾಗದವೂ ಇಲ್ಲ. ಮಕ್ಕಳಾಗದ ಜೋಡಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟರಲ್ಲಿ ಗಂಡನ ಕಡೆಯ ತೊಂದರೆಯೂ ಒಂದು ಕಾರಣ. ಗಂಡನ ವೀರ್ಯ ಪರೀಕ್ಷೆ ಒಂದು ಮೊದಲೇ ಆಗಿದ್ದರೆ ಹೆಂಡತಿಯ ಮೇಲೆ ನಡೆದ ಅರ್ಧ ಚಿಕಿತ್ಸೆ ಬೇಕಾಗುತ್ತಲೇ ಇರಲಿಲ್ಲ.

ಹಣ ಮತ್ತು ವರ್ಷ ಎರಡೂ ಹಾಳಾಗುವುದು ರೋಗ ದೊಡ್ಡದೆಂದು ಮಾತ್ರ ಅಲ್ಲ. ಪರೀಕ್ಷೆಗಳ ಸರದಿ ತಪ್ಪಿರುತ್ತದೆ, ಇಲ್ಲವೇ ಪರೀಕ್ಷೆಯ ದಿನ ತಪ್ಪಿರುತ್ತದೆ. ಆ ಸರದಿ, ಆ ದಿನಗಳ ಲೆಕ್ಕವೇ ಇಲ್ಲಿನ ವಿಷಯ.

ಒಂದು ವರ್ಷ ಎಂದರೆ ಯಾವ ವರ್ಷ

ಹೆಂಡತಿಯ ವಯಸ್ಸು 35ರ ಒಳಗಿದ್ದರೆ, ಯಾವ ತಡೆಯೂ ಇಲ್ಲದೆ 12 ತಿಂಗಳು ಕೂಡಿ ಬಾಳಿದರೂ ಗರ್ಭ ನಿಲ್ಲದಿದ್ದಾಗ ತಪಾಸಣೆ ಶುರು ಮಾಡಬೇಕು. 35 ದಾಟಿದ್ದರೆ 6 ತಿಂಗಳು ಸಾಕು. 40 ದಾಟಿದವರು ಒಂದು ತಿಂಗಳೂ ಕಾಯಬಾರದು. ಇದಕ್ಕೆ ಕಾರಣವಿದೆ. ಆರೋಗ್ಯವಂತ ನೂರು ಜೋಡಿಗಳಲ್ಲಿ 80ರಿಂದ 85 ಜೋಡಿಗೆ ಮೊದಲ ವರ್ಷದಲ್ಲೇ ಗರ್ಭ ನಿಲ್ಲುತ್ತದೆ. ಉಳಿದವರಲ್ಲಿ ಸುಮಾರು ಅರ್ಧ ಮಂದಿಗೆ ಎರಡನೇ ವರ್ಷದಲ್ಲಿ. ಮದುವೆಯಾದ ನಾಲ್ಕನೇ ತಿಂಗಳಿಗೇ ಅತ್ತೆ ಆಸ್ಪತ್ರೆಗೆ ಎಳೆದುಕೊಂಡು ಹೋಗುವ ಅಗತ್ಯ ಇಲ್ಲ ಎನ್ನುವುದು ಈ ಲೆಕ್ಕದಿಂದಲೇ.

ಆದರೆ ನಮ್ಮ ಕಡೆ ಈ ವರ್ಷವನ್ನು ಎಣಿಸುವುದರಲ್ಲೇ ಎಡವಟ್ಟಾಗುತ್ತದೆ. ಮದುವೆಯಾಗಿ ಮೂರು ವರ್ಷ ಎನ್ನುತ್ತಾರೆ. ಗಂಡ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಗುಳೆ ಹೋಗಿದ್ದಾನೆ, ಉಗಾದಿಗೆ ಹದಿನೈದು ದಿನ, ದಸರೆಗೆ ಹತ್ತು ದಿನ ಊರಿಗೆ ಬಂದಿದ್ದಾನೆ. ಮೊದಲ ಆಷಾಢದಲ್ಲಿ ಹೆಂಡತಿ ತವರಿನಲ್ಲಿದ್ದಳು. ಕೂಡಿ ಇದ್ದ ದಿನಗಳನ್ನು ಕೂಡಿಸಿದರೆ ಐದು ತಿಂಗಳೂ ಆಗುವುದಿಲ್ಲ. ಇಂಥವರಿಗೆ ಮೊದಲು ಬೇಕಾದದ್ದು ಔಷಧಿ ಅಲ್ಲ, ಒಂದೇ ಸೂರಿನಡಿ ಆರು ತಿಂಗಳು. ಅದು ಆಗದಿದ್ದರೆ ಗಂಡ ಊರಿಗೆ ಬರುವ ದಿನವನ್ನಾದರೂ ಹೆಂಡತಿಯ ತಿಂಗಳ ಲೆಕ್ಕಕ್ಕೆ ಹೊಂದಿಸಬೇಕು.

ವರ್ಷ ಕಾಯದೆ ಬೇಗ ಹೋಗಬೇಕಾದವರೂ ಇದ್ದಾರೆ. ಮುಟ್ಟು 35 ದಿನಕ್ಕಿಂತ ತಡವಾಗಿ ಅಥವಾ ಎರಡು ಮೂರು ತಿಂಗಳಿಗೊಮ್ಮೆ ಬರುವವರು, ಮುಟ್ಟಿನಲ್ಲಿ ಮಾತ್ರೆಗೂ ಬಗ್ಗದ ಹೊಟ್ಟೆನೋವು ಇರುವವರು, ಹಿಂದೆ ಕ್ಷಯ ಬಂದವರು, ಅಪೆಂಡಿಕ್ಸ್ ಒಡೆದು ಆಪರೇಷನ್ ಆದವರು, ಟ್ಯೂಬಿನಲ್ಲಿ, ಅಂದರೆ ಅಂಡಾಣು ಗರ್ಭಕೋಶಕ್ಕೆ ಬರುವ ನಾಳದಲ್ಲಿ, ಗರ್ಭ ನಿಂತವರು. ಗಂಡಸರಲ್ಲಿ ಬೀಜ ಕೆಳಗಿಳಿಯದೆ ಆಪರೇಷನ್ ಆದವರು, ಪ್ರಾಯಕ್ಕೆ ಬಂದ ಮೇಲೆ ಗದ್ದಬಾವು ಬಂದು ಬೀಜ ಊದಿಕೊಂಡವರು, ಕ್ಯಾನ್ಸರ್ ಚಿಕಿತ್ಸೆ ಪಡೆದವರು.

ಸೋದರಿಕೆ ಮದುವೆಯಾದದ್ದರಿಂದಲೇ ಗರ್ಭ ನಿಲ್ಲುತ್ತಿಲ್ಲ ಎಂದು ಹಲವರು ಕೊರಗುತ್ತಾರೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದ ಮಾತ್ರಕ್ಕೆ ಬಂಜೆತನ ಬರುವುದಿಲ್ಲ. ವಂಶದಲ್ಲಿ ಹರಿದು ಬರುವ ಕಾಯಿಲೆಗಳು ಮಗುವಿಗೆ ತಗಲುವ ಸಂಭವ ಮಾತ್ರ ಹೆಚ್ಚು. ಮನೆಯಲ್ಲಿ ಹುಟ್ಟಿದ ಮಕ್ಕಳು ತೀರಿಕೊಂಡಿದ್ದರೆ, ಗರ್ಭ ಪದೇಪದೇ ಇಳಿದಿದ್ದರೆ ವಂಶವಾಹಿ ತಜ್ಞರ ಸಲಹೆ ತೆಗೆದುಕೊಳ್ಳಿ.

ದಿನಗಳ ಲೆಕ್ಕ

ಮುಟ್ಟಿನ ರಕ್ತ ಸರಿಯಾಗಿ ಹರಿಯಲು ಶುರುವಾದ ದಿನ ಮೊದಲನೇ ದಿನ. ಅದರ ಹಿಂದಿನ ದಿನ ಕಂಡ ಕಲೆ ಲೆಕ್ಕಕ್ಕಿಲ್ಲ. ಅಂಡಾಣು ಹೊರಬರುವುದು ಮುಂದಿನ ಮುಟ್ಟಿಗೆ ಸುಮಾರು 14 ದಿನ ಮೊದಲು. ಹಾಗಾಗಿ 28 ದಿನಕ್ಕೆ ಮುಟ್ಟಾಗುವವರಿಗೆ 14ನೇ ದಿನ, 32 ದಿನಕ್ಕೆ ಆಗುವವರಿಗೆ 18ನೇ ದಿನ. ಎಲ್ಲರಿಗೂ 14ನೇ ದಿನವೇ ಎಂದು ಹಿಡಿದುಕೊಂಡ 32 ದಿನದ ಚಕ್ರದವರು ಪ್ರತಿ ತಿಂಗಳೂ ನಾಲ್ಕು ದಿನ ಮೊದಲೇ ಪ್ರಯತ್ನ ನಿಲ್ಲಿಸಿಬಿಡುತ್ತಾರೆ.

ಹೊರಬಂದ ಅಂಡಾಣು ಬದುಕುವುದು 12ರಿಂದ 24 ಗಂಟೆ. ವೀರ್ಯಾಣು ಹೆಣ್ಣಿನ ದೇಹದಲ್ಲಿ 5 ದಿನದವರೆಗೂ ಬದುಕಬಲ್ಲದು. ಅಂದರೆ ಬೆಳೆ ಬರುವ ಹದ ಇರುವುದು ಆರು ದಿನ: ಅಂಡಾಣು ಬಿಡುಗಡೆಯ ದಿನ, ಅದರ ಹಿಂದಿನ ಐದು ದಿನ. ಕೊನೆಯ ಮೂರು ದಿನ ಎಲ್ಲಕ್ಕಿಂತ ಒಳ್ಳೆಯವು. 8ನೇ ದಿನದಿಂದ 20ನೇ ದಿನದವರೆಗೆ ದಿನ ಬಿಟ್ಟು ದಿನ ಕೂಡಿದರೆ ಲೆಕ್ಕದ ತಲೆನೋವೇ ಇಲ್ಲ. ಶಕ್ತಿ ಕೂಡಿಡುತ್ತೇವೆ ಎಂದು ಹತ್ತು ದಿನ ದೂರವಿದ್ದು ಒಂದೇ ದಿನ ಕೂಡುವುದು ಉಲ್ಟಾ ಕೆಲಸ. ಹಳೆಯ ವೀರ್ಯಾಣುಗಳ ಚುರುಕು ಕಡಿಮೆಯಾಗಿರುತ್ತದೆ.

ಬಿಳಿ ಸೆರಗು ಮೊಟ್ಟೆಯ ಲೋಳೆಯ ಹಾಗೆ ತೆಳ್ಳಗೆ, ಬೆರಳಿಗೆ ಅಂಟಿ ಎಳೆಎಳೆಯಾಗಿ ಬಂದರೆ ಹದ ಸಮೀಪಿಸಿದೆ ಎಂದು ತಿಳಿಯಿರಿ. ಔಷಧಿ ಅಂಗಡಿಯಲ್ಲಿ ಸಿಗುವ, ಮೂತ್ರದಲ್ಲಿ ಅಂಡಾಣು ಬಿಡುಗಡೆಯ ಸೂಚನೆ ತೋರಿಸುವ ಎಲ್‌ಎಚ್ ಪಟ್ಟಿಯಲ್ಲಿ ಎರಡು ಗೆರೆ ಗಾಢವಾಗಿ ಬಂದ ದಿನ ಮತ್ತು ಮರುದಿನ ಕೂಡಿ. ಪಿಸಿಒಡಿ (ಅಂಡಾಶಯದಲ್ಲಿ ಸಣ್ಣ ಗುಳ್ಳೆಗಳು ತುಂಬಿ ಅಂಡಾಣು ಸಮಯಕ್ಕೆ ಬಾರದ ತೊಂದರೆ) ಇರುವವರಿಗೆ ಈ ಪಟ್ಟಿ ಸುಳ್ಳು ಹೇಳುವುದುಂಟು, ಅವರಿಗೆ ಸ್ಕ್ಯಾನಿಂಗೇ ಸರಿ. ಕೊಬ್ಬರಿ ಎಣ್ಣೆ, ಜೆಲ್, ಉಗುಳು ಬಳಸಬೇಡಿ, ಇವು ವೀರ್ಯಾಣುವಿನ ಓಟಕ್ಕೆ ಅಡ್ಡಿ. ಕೂಡಿದ ಮೇಲೆ ವೀರ್ಯ ಸ್ವಲ್ಪ ಹೊರಗೆ ಹರಿದರೆ ಗಾಬರಿ ಬೇಡ, ಬೇಕಾದದ್ದು ಆಗಲೇ ಒಳಗೆ ಹೋಗಿರುತ್ತದೆ. ಕಾಲು ಗೋಡೆಗೆ ಎತ್ತಿಡುವುದರಿಂದ ಏನೂ ಸಿಗುವುದಿಲ್ಲ.

ಇನ್ನೊಂದು ಮಾತು, ಎಲ್ಲರೂ ನಾಚಿ ಬಚ್ಚಿಡುವಂಥದ್ದು. ಮದುವೆಯಾಗಿ ಎರಡು ವರ್ಷವಾದರೂ ನೋವಿನಿಂದಲೋ ಭಯದಿಂದಲೋ ಗಂಡಸಿಗೆ ಗಡಸುತನ ಬಾರದ್ದರಿಂದಲೋ ಸರಿಯಾಗಿ ಕೂಡಿಯೇ ಇಲ್ಲದ ಜೋಡಿಗಳಿವೆ. ಇದನ್ನು ಡಾಕ್ಟರ ಮುಂದೆ ಮೊದಲ ದಿನವೇ ಹೇಳಿ. ಇದಕ್ಕೆ ಚಿಕಿತ್ಸೆ ಇದೆ. ಹೇಳದಿದ್ದರೆ ಬೇಡದ ಪರೀಕ್ಷೆಗಳೆಲ್ಲ ಆಗುತ್ತವೆ.

ಗಂಡನ ಪರೀಕ್ಷೆ: ಎಲ್ಲಕ್ಕಿಂತ ಮೊದಲು

ವೀರ್ಯ ಪರೀಕ್ಷೆಗೆ ಸೂಜಿ ಇಲ್ಲ, ನೋವಿಲ್ಲ, ಇಡೀ ತಪಾಸಣೆಯಲ್ಲಿ ಅಗ್ಗದ್ದೂ ಇದೇ. ಆದರೆ ತಪ್ಪು ಫಲಿತಾಂಶ ಅತಿ ಸುಲಭವಾಗಿ ಬರುವುದೂ ಇದರಲ್ಲೇ. ಕೊಡುವ ವಿಧಾನ ಸರಿಯಿರಬೇಕು.

ಪರೀಕ್ಷೆಗೆ ಮೊದಲು ಕನಿಷ್ಠ 2 ದಿನ, ಹೆಚ್ಚೆಂದರೆ 7 ದಿನ ವೀರ್ಯ ಹೊರಹೋಗಿರಬಾರದು. ಲ್ಯಾಬು ಕೊಟ್ಟ ಡಬ್ಬಿಯಲ್ಲೇ, ಕೈಯಿಂದ, ಸಾಬೂನು ಎಣ್ಣೆ ಇಲ್ಲದೆ ತೆಗೆಯಬೇಕು. ಮಾಮೂಲಿ ಕಾಂಡೋಮಿನಲ್ಲಿ ಹಿಡಿದು ತಂದರೆ ಅದರಲ್ಲಿನ ರಾಸಾಯನಿಕಕ್ಕೆ ವೀರ್ಯಾಣು ಸಾಯುತ್ತವೆ. ಮೊದಲ ಹನಿಗಳಲ್ಲೇ ವೀರ್ಯಾಣು ಹೆಚ್ಚು. ಅವು ಡಬ್ಬಿಯ ಹೊರಗೆ ಬಿದ್ದಿದ್ದರೆ ಲ್ಯಾಬಿನವರಿಗೆ ಹೇಳಿ, ಮತ್ತೊಂದು ದಿನ ಕೊಡಿ. ಲ್ಯಾಬಿನಲ್ಲೇ ಕೊಡುವುದು ಒಳ್ಳೆಯದು. ಮನೆಯಿಂದ ತರುವುದಾದರೆ ಒಂದು ಗಂಟೆಯೊಳಗೆ ತಲುಪಬೇಕು. ಡಬ್ಬಿ ಅಂಗಿಯ ಒಳಜೇಬಿನಲ್ಲಿ ಮೈಗೆ ತಾಗಿರಲಿ. ಏಪ್ರಿಲ್‌ನಲ್ಲಿ ರಾಯಚೂರಿನ ಬಿಸಿಲಿಗೆ ಬೈಕಿನ ಡಿಕ್ಕಿಯಲ್ಲಿಟ್ಟು ತಂದ ವೀರ್ಯದಲ್ಲಿ ಎಲ್ಲವೂ ಸತ್ತಿವೆ ಎಂದು ವರದಿ ಬಂದರೆ ಅದು ಗಂಡಸಿನ ದೋಷ ಅಲ್ಲ, ಡಿಕ್ಕಿಯದು. ಫ್ರಿಜ್ಜಿನಲ್ಲೂ ಇಡಬಾರದು.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಕೆಳಮಿತಿಗಳು ಇವು: ಪ್ರಮಾಣ 1.4 ಮಿಲಿ, ಒಂದು ಮಿಲಿಗೆ 1.6 ಕೋಟಿ ವೀರ್ಯಾಣು, ಒಟ್ಟು 3.9 ಕೋಟಿ, ಅಲ್ಲಾಡುವವು ನೂರಕ್ಕೆ 42, ಮುಂದಕ್ಕೆ ಓಡುವವು ನೂರಕ್ಕೆ 30, ಆಕಾರ ಸರಿಯಿರುವವು ನೂರಕ್ಕೆ 4. ಕೊನೆಯ ಅಂಕಿಯನ್ನು ಮತ್ತೊಮ್ಮೆ ಓದಿ. ನೂರರಲ್ಲಿ 96 ವೀರ್ಯಾಣುಗಳ ಆಕಾರ ಸರಿಯಿಲ್ಲದಿದ್ದರೂ ವರದಿ ಸರಿಯೇ. ವರದಿಯಲ್ಲಿ ಮಿಲಿಯನ್ ಎಂದಿದ್ದರೆ ಹತ್ತು ಲಕ್ಷ ಎಂದು ಓದಿಕೊಳ್ಳಿ. ಈ ಮಿತಿಗಿಂತ ಕೆಳಗಿದ್ದರೆ ಮಗು ಆಗುವುದೇ ಇಲ್ಲ ಎಂದಲ್ಲ, ತಡವಾಗಬಹುದು ಎಂದಷ್ಟೇ.

ಒಂದು ವರದಿ ನೋಡಿ ತೀರ್ಮಾನ ಬೇಡ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳು ಹಿಡಿಯುತ್ತದೆ. ಕಳೆದ ತಿಂಗಳು ಡೆಂಗಿಯೋ ಟೈಫಾಯ್ಡೋ ಬಂದು ಜ್ವರ ಏರಿದ್ದರೆ ಈಗಿನ ವರದಿ ಕೆಟ್ಟು ಬರಬಹುದು. ಮೂರು ತಿಂಗಳು ಬಿಟ್ಟು ಅದೇ ಲ್ಯಾಬಿನಲ್ಲಿ ಮತ್ತೆ ಮಾಡಿಸಿ. ವೀರ್ಯಾಣು ಒಂದೂ ಇಲ್ಲ ಎಂದಿದ್ದರೆ ಮಾತ್ರ ಅಷ್ಟು ಕಾಯುವುದು ಬೇಡ. ಮಾದರಿಯನ್ನು ಯಂತ್ರದಲ್ಲಿ ತಿರುಗಿಸಿ ತಳದಲ್ಲಿ ಕೂತದ್ದನ್ನು ನೋಡಿದ್ದಾರೆಯೇ ಎಂದು ಕೇಳಿ, ಬೇಗ ಮತ್ತೊಂದು ಮಾದರಿ ಕೊಡಿ. ‘ಪಸ್ ಸೆಲ್’ (ಕೀವಿನ ಕೋಶ) ಇವೆ ಎಂದು ತಿಂಗಳುಗಟ್ಟಲೆ ಆಂಟಿಬಯೋಟಿಕ್ ನುಂಗಿಸುವ ರೂಢಿ ನಮ್ಮ ಕಡೆ ಇದೆ. ಬೆಳೆಯದ ವೀರ್ಯಾಣು ಕೋಶಗಳೂ ಸೂಕ್ಷ್ಮದರ್ಶಕದಲ್ಲಿ ಹಾಗೆಯೇ ಕಾಣುತ್ತವೆ. ಉರಿ, ನೋವು ಏನೂ ಇಲ್ಲದಿದ್ದರೆ ಮಾತ್ರೆಗೆ ಮೊದಲು ಎರಡನೇ ವರದಿ ಇರಲಿ.

ಬೀಜಕ್ಕೆ ದೇಹಕ್ಕಿಂತ 2ರಿಂದ 4 ಡಿಗ್ರಿ ತಂಪು ಬೇಕು. ಗಂಗಾವತಿ, ಕಾರಟಗಿ, ಸಿಂಧನೂರಿನ ರೈಸ್ ಮಿಲ್ಲಿನ ಬಾಯ್ಲರ್ ಮುಂದೆ ನಿಲ್ಲುವವರು, ಸ್ಪಾಂಜ್ ಐರನ್ ಕುಲುಮೆಯ ಕೆಲಸಗಾರರು, ಇಂಜಿನ್ ಮೇಲೆ ಕೂತು ಹತ್ತು ಗಂಟೆ ಲಾರಿ ಓಡಿಸುವವರು ಇದನ್ನು ಡಾಕ್ಟರಿಗೆ ಹೇಳಬೇಕು. ಪಾಳಿ ಬದಲಾಯಿಸಲು ಆಗದಿದ್ದರೂ ಬಿಗಿ ಜೀನ್ಸ್ ಬಿಟ್ಟು ಸಡಿಲ ಹತ್ತಿ ಬಟ್ಟೆ, ಎರಡು ಗಂಟೆಗೊಮ್ಮೆ ಎದ್ದು ಓಡಾಟ, ಬಿಸಿನೀರಿನ ತೊಟ್ಟಿಯಲ್ಲಿ ಕೂರದಿರುವುದು ಸಾಧ್ಯ. ಹತ್ತಿಗೆ, ಮೆಣಸಿನ ಗಿಡಕ್ಕೆ ಎಣ್ಣೆ (ಕೀಟನಾಶಕ) ಹೊಡೆಯುವವರು ಕೈಗವಸು, ಮುಖಗವಸು, ತುಂಬುತೋಳಿನ ಅಂಗಿ ಹಾಕಿ, ಮನೆಗೆ ಬಂದ ಕೂಡಲೇ ಮೈ ತೊಳೆದು, ಆ ಬಟ್ಟೆಯನ್ನು ಬೇರೆಯಾಗಿ ಒಗೆಯಬೇಕು. ಗುಟ್ಕಾ, ಜರ್ದಾ, ಬೀಡಿ, ಕುಡಿತ ಬಿಟ್ಟರೆ ಫಲ ಕಾಣುವುದು ಮೂರನೇ ತಿಂಗಳ ನಂತರ. ಎರಡು ವಾರ ಬಿಟ್ಟು ಏನೂ ಆಗಲಿಲ್ಲ ಎಂದು ಮತ್ತೆ ಪೊಟ್ಟಣ ಹರಿದವರೇ ಹೆಚ್ಚು.

ಜಿಮ್ಮಿಗೆ ಹೋಗುವ ಹುಡುಗರಿಗೊಂದು ಎಚ್ಚರಿಕೆ. ಮೈಕಟ್ಟಿಗೆಂದು ಚುಚ್ಚಿಸಿಕೊಳ್ಳುವ ಟೆಸ್ಟೋಸ್ಟಿರಾನ್ ವೀರ್ಯಾಣು ತಯಾರಿಕೆಯನ್ನೇ ನಿಲ್ಲಿಸುತ್ತದೆ. ಗಂಡಸುತನದ ಇಂಜೆಕ್ಷನ್ ಎಂದು ಇದನ್ನೇ ಮಕ್ಕಳಾಗದವರಿಗೂ ಕೊಟ್ಟರೆ ಇದ್ದ ಅಷ್ಟಿಷ್ಟೂ ಹೋಗುತ್ತದೆ. ಬಿಟ್ಟ ಮೇಲೆ ಮರಳಿ ಬರಲು ಆರು ತಿಂಗಳಿಂದ ವರ್ಷವೂ ಬೇಕಾಗಬಹುದು.

ಬೀಜದ ನರ ಉಬ್ಬಿದೆ, ಅಂದರೆ ವೆರಿಕೋಸಿಲ್ ಎಂದು ಸ್ಕ್ಯಾನಿಂಗಿನಲ್ಲಿ ಬರೆದ ಮಾತ್ರಕ್ಕೆ ಆಪರೇಷನ್ ಬೇಡ. ಡಾಕ್ಟರು ನಿಲ್ಲಿಸಿ ಕೈಯಿಂದ ಮುಟ್ಟಿ ನೋಡಿದಾಗ ಸಿಗುವಷ್ಟಿದ್ದು, ವೀರ್ಯದ ವರದಿಯೂ ಕೆಟ್ಟಿದ್ದರೆ ಮಾತ್ರ ಅದರ ಮಾತು. ವೀರ್ಯಾಣು ಸೊನ್ನೆ ಇರುವವರಿಗೆ ಎಫ್‌ಎಸ್‌ಎಚ್, ಟೆಸ್ಟೋಸ್ಟಿರಾನ್ ಹಾರ್ಮೋನುಗಳ ರಕ್ತ ಪರೀಕ್ಷೆ, ಕ್ರೋಮೋಸೋಮ್ ಪರೀಕ್ಷೆ ಬೇಕು. ದಾರಿ ಕಟ್ಟಿಕೊಂಡಿದ್ದರೆ ಬೀಜದಿಂದಲೇ ಸೂಜಿಯಲ್ಲಿ ವೀರ್ಯಾಣು ತೆಗೆದು ಸ್ವಂತ ಮಗು ಪಡೆಯಬಹುದು. ತಯಾರಿಕೆಯೇ ನಿಂತಿದ್ದರೂ ಸೂಕ್ಷ್ಮದರ್ಶಕದ ಆಪರೇಷನ್ನಿನಲ್ಲಿ ಕೆಲವರಿಗೆ ಸಿಗುತ್ತದೆ.

ಹೆಂಡತಿಯ ಪರೀಕ್ಷೆ: ಕ್ಯಾಲೆಂಡರಿನ ಪ್ರಕಾರ

ಬಳ್ಳಾರಿಯಲ್ಲಿ ಜನ ಇಂದಿಗೂ ವಿಮ್ಸ್ ಎನ್ನುವ ವೈದ್ಯಕೀಯ ಕಾಲೇಜು ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್: ಮೊದಲ ಸುತ್ತಿನ ರಕ್ತ ಪರೀಕ್ಷೆ, ಸ್ಕ್ಯಾನಿಂಗಿಗೆ ಇವುಗಳ ಹೆರಿಗೆ ಮತ್ತು ಸ್ತ್ರೀರೋಗ ವಿಭಾಗದಲ್ಲೇ ಶುರು ಮಾಡಬಹುದು. ದೊಡ್ಡ ಊರಿಗೆ ಬಸ್ಸು ಹತ್ತುವ ಮೊದಲು ಫೈಲು ಅರ್ಧ ತುಂಬಿರುತ್ತದೆ.

ಟಿಎಸ್‌ಎಚ್ (ಥೈರಾಯ್ಡ್), ಸಕ್ಕರೆ, ಹಿಮೋಗ್ಲೋಬಿನ್, ಎಎಂಎಚ್ (ಅಂಡಾಣು ದಾಸ್ತಾನಿನ ಪರೀಕ್ಷೆ) ಯಾವ ದಿನವಾದರೂ ಸರಿ. ಎಫ್‌ಎಸ್‌ಎಚ್, ಎಲ್‌ಎಚ್ ಹಾರ್ಮೋನ್ ಪರೀಕ್ಷೆ ಮುಟ್ಟಿನ 2ನೇ ಅಥವಾ 3ನೇ ದಿನವೇ ಆಗಬೇಕು. 12ನೇ ದಿನ ಮಾಡಿಸಿದ ವರದಿಗೆ ಬೆಲೆಯಿಲ್ಲ. ಪ್ರೊಲ್ಯಾಕ್ಟಿನ್ (ಎದೆಹಾಲಿನ ಹಾರ್ಮೋನ್) ಬೆಳಿಗ್ಗೆ, ಸ್ವಲ್ಪ ಹೊತ್ತು ಸುಮ್ಮನೆ ಕೂತ ಮೇಲೆ ಕೊಡಬೇಕು. ಬಸ್ಸಿನಿಂದಿಳಿದು ಓಡಿಬಂದು ಕೊಟ್ಟರೆ ತುಸು ಏರಿಯೇ ಇರುತ್ತದೆ. ಅಂಡಾಣು ನಿಜವಾಗಿ ಬಿಡುಗಡೆಯಾಗಿದೆಯೇ ಎಂದು ತಿಳಿಯಲು ಪ್ರೊಜೆಸ್ಟರಾನ್ ಪರೀಕ್ಷೆ ಇದೆ. ಇದನ್ನು ‘21ನೇ ದಿನದ ಪರೀಕ್ಷೆ’ ಎನ್ನುತ್ತಾರಾದರೂ ನಿಜವಾದ ಲೆಕ್ಕ ಮುಂದಿನ ಮುಟ್ಟಿಗೆ 7 ದಿನ ಮೊದಲು. 35 ದಿನದ ಚಕ್ರದವರು 28ನೇ ದಿನ ಕೊಡಬೇಕು. ಒಂದು ಮಿಲಿಗೆ 3 ನ್ಯಾನೋಗ್ರಾಂಗಿಂತ ಹೆಚ್ಚಿದ್ದರೆ ಅಂಡಾಣು ಬಂದಿದೆ.

ಎಎಂಎಚ್ ಕಡಿಮೆ ಬಂದರೆ ಮನೆಯಲ್ಲಿ ಸೂತಕದ ವಾತಾವರಣ ಹರಡುತ್ತದೆ. ಅದು ಅಂಡಾಣುಗಳ ದಾಸ್ತಾನು ಎಷ್ಟಿದೆ ಎಂದು ಹೇಳುತ್ತದೆಯೇ ಹೊರತು ಅವು ಎಷ್ಟು ಚೆನ್ನಾಗಿವೆ ಎಂದು ಹೇಳುವುದಿಲ್ಲ. 28 ವರ್ಷದವಳ ಕಡಿಮೆ ಎಎಂಎಚ್‌ಗಿಂತ 41 ವರ್ಷದವಳ ವಯಸ್ಸೇ ಹೆಚ್ಚು ತೊಡಕು. ಕಡಿಮೆ ಎಂದರೆ ಕಾಲಹರಣ ಬೇಡ ಎಂದಷ್ಟೇ ಅರ್ಥ.

ಟ್ಯೂಬು ತೆರೆದಿದೆಯೇ ಎಂದು ನೋಡುವ ಎಚ್‌ಎಸ್‌ಜಿ ಎಕ್ಸ್‌ರೇ ರಕ್ತ ನಿಂತ ಮೇಲೆ, 6ರಿಂದ 11ನೇ ದಿನದೊಳಗೆ. ಮುಟ್ಟಾದಾಗಿನಿಂದ ಪರೀಕ್ಷೆಯವರೆಗೆ ಕೂಡಬಾರದು. ಒಂದು ಗಂಟೆ ಮುಂಚೆ ಡಾಕ್ಟರು ಹೇಳಿದ ನೋವಿನ ಮಾತ್ರೆ ತೆಗೆದುಕೊಂಡರೆ ಔಷಧಿ ಒಳಗೆ ಬಿಡುವಾಗಿನ ಹಿಂಡು ನೋವು ತಡೆಯಬಹುದು. ವರದಿಯಲ್ಲಿ ಟ್ಯೂಬು ಗರ್ಭಕೋಶದ ಮೂಲೆಯಲ್ಲೇ ಕಟ್ಟಿದೆ ಎಂದಿದ್ದರೆ ಕೈಚೆಲ್ಲಬೇಡಿ. ನೋವಿಗೆ, ಭಯಕ್ಕೆ ಟ್ಯೂಬಿನ ಬಾಯಿ ಬಿಗಿದುಕೊಂಡರೂ ಚಿತ್ರ ಹಾಗೆಯೇ ಬರುತ್ತದೆ. ಮತ್ತೊಮ್ಮೆ ಅಥವಾ ಲ್ಯಾಪರೋಸ್ಕೋಪಿಯಲ್ಲಿ (ಹೊಟ್ಟೆಗೆ ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸಿ) ಬಣ್ಣ ಬಿಟ್ಟು ಖಚಿತ ಮಾಡಿಕೊಳ್ಳದೆ ಇದೊಂದರ ಮೇಲೆ, ಲ್ಯಾಬಿನಲ್ಲಿ ಭ್ರೂಣ ಬೆಳೆಸುವ ಐವಿಎಫ್‌ಗೆ ಹೋಗುವುದು ಅವಸರ. ಟ್ಯೂಬಿನ ತುದಿ ಕಟ್ಟಿ ನೀರು ತುಂಬಿಕೊಂಡಿದ್ದರೆ ಮಾತ್ರ ಕಥೆ ಬೇರೆ. ಆ ನೀರು ಗರ್ಭಕೋಶಕ್ಕೆ ಹಿಂದೆ ಸೋರಿ ಐವಿಎಫ್ ಯಶಸ್ಸನ್ನೂ ಅರ್ಧಕ್ಕೆ ಇಳಿಸುತ್ತದೆ. ಮೊದಲು ಆ ಟ್ಯೂಬನ್ನು ತೆಗೆಸಬೇಕು ಅಥವಾ ಕ್ಲಿಪ್ ಹಾಕಿಸಬೇಕು.

ನಮ್ಮ ದೇಶದಲ್ಲಿ ಟ್ಯೂಬು ಕಟ್ಟುವುದಕ್ಕೆ ಒಂದು ದೊಡ್ಡ ಕಾರಣ ಗರ್ಭಕೋಶದ ಕ್ಷಯ. ಕೆಮ್ಮು ಇರಲೇಬೇಕೆಂದಿಲ್ಲ. ಮುಟ್ಟು ತಿಂಗಳಿಂದ ತಿಂಗಳಿಗೆ ಕಡಿಮೆಯಾಗುವುದು, ಕೆಳಹೊಟ್ಟೆ ಸದಾ ನೋಯುವುದು, ಮನೆಯಲ್ಲಿ ಯಾರಿಗೋ ಟಿಬಿ ಬಂದದ್ದು ಸುಳಿವು. ಗರ್ಭಕೋಶದ ಒಳಪದರದ ಚೂರನ್ನು ಮುಟ್ಟಿಗೆ ಮುಂಚಿನ ವಾರದಲ್ಲಿ ತೆಗೆದು ಪರೀಕ್ಷಿಸುತ್ತಾರೆ. ಒಂದು ಪಿಸಿಆರ್ ಪರೀಕ್ಷೆ (ರೋಗಾಣುವಿನ ವಂಶವಾಹಿ ಹುಡುಕುವುದು) ಪಾಸಿಟಿವ್ ಬಂದದ್ದಕ್ಕೇ ಆರು ತಿಂಗಳ ಮಾತ್ರೆ ಶುರುವಾಗಿದ್ದರೆ ಎರಡನೇ ಅಭಿಪ್ರಾಯ ಕೇಳಿ, ಅದು ತಪ್ಪಾಗಿ ಬರುವುದುಂಟು. ಕ್ಷಯ ಖಚಿತವಾದರೆ ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿ ಉಚಿತ, ಅರ್ಧಕ್ಕೆ ಬಿಡುವಂತಿಲ್ಲ.

ಹಾಗೆಯೇ ‘ಗರ್ಭಕೋಶ ತೊಳೆಸಿದರೆ ನಿಲ್ಲುತ್ತದೆ’ ಎಂಬ ನಂಬಿಕೆ. ಗರ್ಭಕೋಶದ ಒಳಪದರ ಕೆರೆಯುವ ಈ ಡಿ ಅಂಡ್ ಸಿ ಮಾಡಿಸಿದ್ದರಿಂದ ಗರ್ಭ ನಿಲ್ಲುವುದಿಲ್ಲ. ಪದೇಪದೇ ಕೆರೆದರೆ ಒಳಗೋಡೆಗಳು ಅಂಟಿಕೊಂಡು ಮುಟ್ಟೇ ಕಡಿಮೆಯಾಗಿ, ಇಲ್ಲದ ಸಮಸ್ಯೆ ಹೊಸದಾಗಿ ಹುಟ್ಟುತ್ತದೆ. ಯಾಕೆ ಮಾಡುತ್ತಿದ್ದೀರಿ, ತೆಗೆದ ಚೂರು ಯಾವ ಪರೀಕ್ಷೆಗೆ ಹೋಗುತ್ತದೆ ಎಂದು ಕೇಳಿ. ಉತ್ತರ ಬರದಿದ್ದರೆ ಸಹಿ ಹಾಕಬೇಡಿ.

ಹುಲಿಗೆಮ್ಮನಿಗೆ ಹರಕೆ ಹೊತ್ತು ತೊಟ್ಟಿಲು ಕಟ್ಟುವವರು ಕಟ್ಟಲಿ, ಹರಕೆಯಿಂದ ಯಾವ ಪರೀಕ್ಷೆಗೂ ಅಡ್ಡಿಯಿಲ್ಲ. ಅಡ್ಡಿ ಇರುವುದು ಹೆಸರಿಲ್ಲದ ಪುಡಿ, ಭಸ್ಮಗಳಿಂದ. ಕೆಲವದರಲ್ಲಿ ಸೀಸ, ಪಾದರಸ ಇರುತ್ತದೆ. ಗಂಡು ಮಗುವಿಗೆಂದು ಕೊಡುವ ಔಷಧಿಯಂತೂ ಹೊಟ್ಟೆಯಲ್ಲಿರುವ ಕೂಸಿಗೇ ಅಪಾಯ.

ಮೊದಲ ಹಂತದ ಚಿಕಿತ್ಸೆ

ಇಬ್ಬರೂ ಈ ಸುತ್ತು ಮುಗಿಸುವಾಗಲೇ ಹೆಂಡತಿ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಶುರು ಮಾಡಿರಬೇಕು. ಗರ್ಭ ನಿಂತ ಮೇಲೆ ತೆಗೆದುಕೊಂಡರೆ ಮಗುವಿನ ಬೆನ್ನುಹುರಿಗೆ ಅದು ತಡ.

ಪಿಸಿಒಡಿ ಇದ್ದು ತೂಕ ಹೆಚ್ಚಿದ್ದರೆ ನೂರಕ್ಕೆ 5ರಿಂದ 10ರಷ್ಟು ಇಳಿಸಿದರೂ ಹಲವರಿಗೆ ಅಂಡಾಣು ತಾನಾಗಿ ಬರತೊಡಗುತ್ತದೆ. 70 ಕಿಲೋ ಇರುವವರಿಗೆ ಅದು ಮೂರೂವರೆಯಿಂದ ಏಳು ಕಿಲೋ. ತುಂಗಭದ್ರೆಯ ನೀರಾವರಿ ಬಂದ ಮೇಲೆ ನಮ್ಮ ತಟ್ಟೆಯಲ್ಲಿ ಸೋನಾ ಮಸೂರಿ ಗುಡ್ಡೆ ಬೆಳೆದಿದೆ. ಅದನ್ನು ಅರ್ಧ ಮಾಡಿ ಜೋಳದ ರೊಟ್ಟಿ, ಹೆಸರುಕಾಳು, ಪುಂಡಿಪಲ್ಯ ಹೆಚ್ಚಿಸಿದರೆ ಬೇರೆ ಡಯಟ್ ಚಾರ್ಟ್ ಬೇಕಿಲ್ಲ. ಸಂಜೆಯ ಮಂಡಾಳು-ಮಿರ್ಚಿ ವಾರಕ್ಕೊಂದು ಸಲ ಸಾಕು. ದಿನಾ ಅರ್ಧ ಗಂಟೆ ಬಿರುಸಿನ ನಡಿಗೆ.

ಅಂಡಾಣು ಬೆಳೆಸಲು ಮೊದಲ ಮಾತ್ರೆ ಲೆಟ್ರೋಜೋಲ್, ಸಾಮಾನ್ಯವಾಗಿ 2.5 ಮಿಲಿಗ್ರಾಂ, 2ನೇ ಅಥವಾ 3ನೇ ದಿನದಿಂದ ಐದು ದಿನ. ಪೊಟ್ಟಣದ ಚೀಟಿಯಲ್ಲಿ ಸ್ತನ ಕ್ಯಾನ್ಸರ್ ಔಷಧಿ ಎಂದು ಓದಿ ಹಲವರು ಹೆದರಿ ಎಸೆಯುತ್ತಾರೆ. ಮಾತ್ರೆ ಅದೇ, ಐದು ದಿನದ ಈ ಬಳಕೆ ಬೇರೆ. ಪಿಸಿಒಡಿಯಲ್ಲಿ ಹಳೆಯ ಕ್ಲೋಮಿಫೀನ್‌ಗಿಂತ ಇದರಿಂದ ಹೆಚ್ಚು ಮಂದಿಗೆ ಗರ್ಭ ನಿಲ್ಲುತ್ತದೆ. ಡಾಕ್ಟರ ಚೀಟಿ ಇಲ್ಲದೆ ಪಕ್ಕದ ಮನೆಯವಳ ಉಳಿದ ಮಾತ್ರೆ ನುಂಗುವುದು ಮಾತ್ರ ಬೇಡ.

9 ಅಥವಾ 10ನೇ ದಿನದಿಂದ ಎರಡು ದಿನಕ್ಕೊಮ್ಮೆ ಸ್ಕ್ಯಾನಿಂಗ್. ಅದರ ಚೀಟಿ ನೀವೇ ಓದಬಹುದು. ‘ಆರ್‌ಒ 18×17’ ಎಂದರೆ ಬಲ ಅಂಡಾಶಯದಲ್ಲಿ ಅಂಡಾಣು ಬೆಳೆಯುವ 18 ಮಿಮೀ ಗುಳ್ಳೆ. ‘ಇಟಿ 8’ ಎಂದರೆ ಗರ್ಭಕೋಶದ ಒಳಪದರ 8 ಮಿಮೀ. ಗುಳ್ಳೆ 18ರಿಂದ 20, ಪದರ 7ರ ಮೇಲೆ ಬಂದಾಗ ಗುಳ್ಳೆ ಒಡೆಯುವ ಎಚ್‌ಸಿಜಿ ಇಂಜೆಕ್ಷನ್. 36ರಿಂದ 40 ಗಂಟೆಯಲ್ಲಿ ಅಂಡಾಣು ಹೊರಬರುತ್ತದೆ. ಆ ದಿನ ಮತ್ತು ಅದರ ಹಿಂದಿನ ದಿನ ಕೂಡಬೇಕು. ಮೂರಕ್ಕಿಂತ ಹೆಚ್ಚು ದೊಡ್ಡ ಗುಳ್ಳೆ ಬಂದಿದ್ದರೆ ಆ ತಿಂಗಳು ಬಿಡಲು ಹೇಳುತ್ತಾರೆ, ಸಿಟ್ಟಾಗಬೇಡಿ. ತ್ರಿವಳಿ ಗರ್ಭ ತಾಯಿಗೂ ಮಕ್ಕಳಿಗೂ ಅಪಾಯ.

ಐಯುಐ ಎಂದರೆ ತೊಳೆದು ಚುರುಕಾದ ವೀರ್ಯಾಣುವನ್ನು ಅರ್ಧ ಮಿಲಿಯಷ್ಟು ದ್ರವದಲ್ಲಿ ಗರ್ಭಕೋಶದೊಳಗೆ ಬಿಡುವುದು. ಹತ್ತು ನಿಮಿಷ ಮಲಗಿ ಎದ್ದು ಬಸ್ಸಿನಲ್ಲಿ ಮನೆಗೆ ಬರಬಹುದು. ಕನಿಷ್ಠ ಒಂದು ಟ್ಯೂಬು ತೆರೆದಿರಬೇಕು, ತೊಳೆದ ಮೇಲೆ ಅಲ್ಲಾಡುವ ವೀರ್ಯಾಣು 50 ಲಕ್ಷಕ್ಕಿಂತ ಹೆಚ್ಚಿರಬೇಕು. ಒಂದು ಸಲಕ್ಕೆ ಯಶಸ್ಸು ನೂರಕ್ಕೆ 10ರಿಂದ 15ರಷ್ಟೇ, ಆದ್ದರಿಂದ ಮೂರ್ನಾಲ್ಕು ಸಲ ಎಂದು ಮನಸ್ಸಿನಲ್ಲಿ ಮೊದಲೇ ಇಟ್ಟುಕೊಳ್ಳಿ. ಟ್ಯೂಬಿನ ಪರೀಕ್ಷೆಯೇ ಆಗದೆ ಎಂಟು ಸಲ ಐಯುಐ ಮಾಡಿಸಿಕೊಂಡವರ ಹಣ ನೀರಿನಲ್ಲಿ ಹೋದಂತೆಯೇ.

ಐವಿಎಫ್‌ಗೆ ಹೊರಟವರಿಗೆ

ಎರಡೂ ಟ್ಯೂಬು ಕಟ್ಟಿದ್ದರೆ, ವೀರ್ಯಾಣು ತೀರಾ ಕಡಿಮೆಯಿದ್ದರೆ, ಐಯುಐ ಸೋತಿದ್ದರೆ, ವಯಸ್ಸು ಓಡುತ್ತಿದ್ದರೆ ಇದು ದಾರಿ. ಹತ್ತರಿಂದ ಹನ್ನೆರಡು ದಿನ ಹೊಟ್ಟೆಗೆ ಇಂಜೆಕ್ಷನ್, ನಡುವೆ ಮೂರ್ನಾಲ್ಕು ಸ್ಕ್ಯಾನಿಂಗ್, ಅರಿವಳಿಕೆ ಕೊಟ್ಟು ಸೂಜಿಯಿಂದ ಅಂಡಾಣು ತೆಗೆಯುವುದು, ಲ್ಯಾಬಿನಲ್ಲಿ ವೀರ್ಯಾಣು ಸೇರಿಸುವುದು, 3 ಅಥವಾ 5ನೇ ದಿನ ಭ್ರೂಣವನ್ನು ಒಳಗಿಡುವುದು. ವೀರ್ಯಾಣು ದುರ್ಬಲವಾಗಿದ್ದರೆ ಒಂದೊಂದನ್ನೇ ಸೂಜಿಯಲ್ಲಿ ಅಂಡಾಣುವಿನೊಳಗೆ ಚುಚ್ಚುವುದು ಇಕ್ಸಿ. ಹೆಂಡತಿ 35ರ ಒಳಗಿದ್ದರೆ ಒಂದು ಪ್ರಯತ್ನದಲ್ಲಿ ಮಗು ಕೈಗೆ ಬರುವ ಸಂಭವ ಸರಿಸುಮಾರು ಮೂರಕ್ಕೊಂದು. 40 ದಾಟಿದರೆ ಸ್ವಂತ ಅಂಡಾಣುವಿನಲ್ಲಿ ಹತ್ತಕ್ಕೊಂದು. ನೂರಕ್ಕೆ ಎಂಬತ್ತು ಗ್ಯಾರಂಟಿ ಎನ್ನುವ ಫಲಕ ಕಂಡರೆ, ಅದು ಮೂತ್ರ ಪರೀಕ್ಷೆಯ ಪಾಸಿಟಿವ್ ಲೆಕ್ಕವೋ ಹುಟ್ಟಿದ ಮಗುವಿನ ಲೆಕ್ಕವೋ ಎಂದು ಕೇಳಿ.

ಇಂಜೆಕ್ಷನ್ ಕೆಡುವುದು ನಮ್ಮ ಬಿಸಿಲಿನ ಸೀಮೆಯ ದೊಡ್ಡ ತಾಪತ್ರಯ. ಬಹುಪಾಲು ಹಾರ್ಮೋನ್ ಇಂಜೆಕ್ಷನ್‌ಗಳನ್ನು 2ರಿಂದ 8 ಡಿಗ್ರಿಯಲ್ಲಿಡಬೇಕು. ಫ್ರಿಜ್ಜಿನ ನಡುವಿನ ತಟ್ಟೆಯಲ್ಲಿಡಿ, ಫ್ರೀಜರಿಗೆ ತಾಗಿಸಬೇಡಿ, ಹೆಪ್ಪುಗಟ್ಟಿದ್ದನ್ನು ಚುಚ್ಚಿಸಿಕೊಳ್ಳಬೇಡಿ. ಹುಬ್ಬಳ್ಳಿಯಿಂದ ರೈಲಿನಲ್ಲಿ ತರುವಾಗ ಥರ್ಮಾಸಿನಲ್ಲಿ ಐಸ್‌ಪ್ಯಾಕ್ ಇಟ್ಟು, ಇಂಜೆಕ್ಷನ್ ನೇರ ಐಸಿಗೆ ತಾಗದಂತೆ ಬಟ್ಟೆ ಸುತ್ತಿ. ಕರೆಂಟು ಹೋದರೆ ಫ್ರಿಜ್ಜಿನ ಬಾಗಿಲು ತೆಗೆಯಬೇಡಿ. ಯೋನಿಯಲ್ಲಿಡುವ ಪ್ರೊಜೆಸ್ಟರಾನ್ ಗುಳಿಗೆಯೂ ಕಪಾಟಿನ ಸೆಕೆಗೆ ಕರಗುತ್ತದೆ.

ಕೊನೆಯ ಇಂಜೆಕ್ಷನ್, ಅಂದರೆ ಟ್ರಿಗರ್, ಹೇಳಿದ ನಿಮಿಷಕ್ಕೆ ಆಗಬೇಕು. ರಾತ್ರಿ 10ಕ್ಕೆ ಎಂದರೆ 10ಕ್ಕೇ, ಯಾಕೆಂದರೆ ಅಲ್ಲಿಂದ 35-36 ಗಂಟೆಗೆ, ಅಂದರೆ ನಾಡಿದ್ದು ಬೆಳಿಗ್ಗೆ 9-10ಕ್ಕೆ ಅಂಡಾಣು ತೆಗೆಯುತ್ತಾರೆ. ತಡವಾದರೆ ಮುಚ್ಚಿಡದೆ ಕೂಡಲೇ ಫೋನು ಮಾಡಿ, ಸಮಯ ಬದಲಾಯಿಸುತ್ತಾರೆ. ಎಚ್‌ಸಿಜಿ ಟ್ರಿಗರ್ ಆದ ಹತ್ತು ದಿನದೊಳಗೆ ಮನೆಯಲ್ಲಿ ಮೂತ್ರ ಪರೀಕ್ಷೆ ಮಾಡಿ ಪೇಢೆ ಹಂಚಬೇಡಿ. ಪಾಸಿಟಿವ್ ತೋರಿಸುತ್ತಿರುವುದು ಆ ಇಂಜೆಕ್ಷನ್ನೇ. ರಕ್ತದ ಪರೀಕ್ಷೆ ಭ್ರೂಣ ಒಳಗಿಟ್ಟ ಸುಮಾರು 14ನೇ ದಿನಕ್ಕೆ. ಅಲ್ಲಿಯವರೆಗೆ ಹಾಸಿಗೆ ಹಿಡಿದು ಮಲಗುವ ಅಗತ್ಯ ಇಲ್ಲ. ರಕ್ತದ ಕಲೆ ಕಂಡರೂ ಔಷಧಿಯನ್ನು ನೀವಾಗಿಯೇ ನಿಲ್ಲಿಸಬೇಡಿ.

ಕೂಡಲೇ ಆಸ್ಪತ್ರೆಗೆ ಓಡಬೇಕಾದ ಲಕ್ಷಣಗಳು: ಅಂಡಾಣು ತೆಗೆದ ನಂತರ ಹೊಟ್ಟೆ ಬಿಗಿದು ಉಬ್ಬುವುದು, ದಿನಕ್ಕೆ ಒಂದು ಕಿಲೋ ತೂಕ ಏರುವುದು, ಮೂತ್ರ ಕಡಿಮೆಯಾಗುವುದು, ಉಸಿರು ಕಟ್ಟುವುದು. ಗರ್ಭ ನಿಂತದ್ದು ತಿಳಿದ ಮೇಲೆ ಒಂದು ಬದಿಯ ಹೊಟ್ಟೆನೋವು, ಭುಜನೋವು, ತಲೆಸುತ್ತಿ ಬೀಳುವುದು ಟ್ಯೂಬಿನಲ್ಲಿ ಗರ್ಭ ಒಡೆಯುವ ಸೂಚನೆ. ಬೆಳಗಾಗಲಿ ಎಂದು ಕಾಯಬೇಡಿ.

ಖಾಸಗಿಯಲ್ಲಿ ಒಂದು ಪ್ರಯತ್ನಕ್ಕೆ ಒಂದೂವರೆಯಿಂದ ಎರಡೂವರೆ ಲಕ್ಷ ಹಿಡಿಯುವುದು ಸಾಮಾನ್ಯ. ಆಯುಷ್ಮಾನ್ ಕಾರ್ಡಿನಲ್ಲಿ ಇದು ಬರುವುದಿಲ್ಲ. ಹೊಲ ಒತ್ತೆ ಇಡುವ ಮೊದಲು ಪ್ಯಾಕೇಜಿನಲ್ಲಿ ಇಂಜೆಕ್ಷನ್, ಅರಿವಳಿಕೆ, ಇಕ್ಸಿ, ಭ್ರೂಣ ಶೀತಲೀಕರಣ, ಎರಡನೇ ಸಲ ಭ್ರೂಣ ಇಡುವ ಖರ್ಚು ಸೇರಿದೆಯೇ ಎಂದು ಕಾಗದದ ಮೇಲೆ ಬರೆಸಿಕೊಳ್ಳಿ. ಭ್ರೂಣಶಾಸ್ತ್ರಜ್ಞರು ಅಲ್ಲೇ ಇರುತ್ತಾರೋ ಅಥವಾ ತಿಂಗಳಿಗೊಮ್ಮೆ ಬೇರೆ ಊರಿಂದ ಬಂದು ಹತ್ತು ಹೆಂಗಸರದ್ದನ್ನು ಒಂದೇ ವಾರ ಮುಗಿಸಿ ಹೋಗುತ್ತಾರೋ ಕೇಳಿ. ಎರಡನೆಯದಾದರೆ ನಿಮ್ಮ ಅಂಡಾಣುವಿನ ದಿನಕ್ಕೆ ಅವರು ಬರುವುದಿಲ್ಲ, ಅವರ ದಿನಕ್ಕೆ ನಿಮ್ಮ ದೇಹವನ್ನು ಹೊಂದಿಸುತ್ತಾರೆ.

2021ರ ನೆರವಿನ ಸಂತಾನೋತ್ಪತ್ತಿ (ಎಆರ್‌ಟಿ) ಕಾಯ್ದೆಯ ಪ್ರಕಾರ ಇಂಥ ಪ್ರತಿ ಕೇಂದ್ರವೂ ನೋಂದಣಿಯಾಗಿರಬೇಕು. ಒಂದನೇ ಹಂತದ ಕೇಂದ್ರದಲ್ಲಿ ಐಯುಐ ಮಾತ್ರ, ಎರಡನೇ ಹಂತದಲ್ಲಿ ಐವಿಎಫ್. ಹೆಂಡತಿಗೆ 21ರಿಂದ 50, ಗಂಡನಿಗೆ 21ರಿಂದ 55 ವಯೋಮಿತಿ. ಭ್ರೂಣ ಗಂಡೋ ಹೆಣ್ಣೋ ಎಂದು ಆರಿಸುವುದು ಅಪರಾಧ. ದಾನಿಯ ಅಂಡಾಣುವೋ ವೀರ್ಯಾಣುವೋ ಬೇಕಾದರೆ ಇಬ್ಬರ ಲಿಖಿತ ಒಪ್ಪಿಗೆ ಬೇಕು, ಅದು ನೋಂದಾಯಿತ ಬ್ಯಾಂಕಿನ ಮೂಲಕವೇ ಬರಬೇಕು. ತಂಗಿಯನ್ನೋ ಮೈದುನನನ್ನೋ ಕರೆತರುವಂತಿಲ್ಲ. ಬಾಡಿಗೆ ತಾಯ್ತನ ಹಣಕ್ಕೆ ಇಲ್ಲ, ವೈದ್ಯಕೀಯ ಕಾರಣವಿದ್ದವರಿಗೆ ಮಾತ್ರ.

ದತ್ತು ಯೋಚನೆ ಇದ್ದರೆ ಚಿಕಿತ್ಸೆ ಪೂರ್ತಿ ಸೋಲಲಿ ಎಂದು ಕಾದು ಕೂರಬೇಡಿ. ಆಸ್ಪತ್ರೆಯ ಆಯಾ ಕೊಡಿಸುವ ಮಗು ಕಾನೂನುಬಾಹಿರ, ನಾಳೆ ಕೈತಪ್ಪುತ್ತದೆ. ಸರಿಯಾದ ದಾರಿ ಕೇಂದ್ರದ ದತ್ತು ಪ್ರಾಧಿಕಾರವಾದ ‘ಕಾರಾ’ದ ಪೋರ್ಟಲ್. ನೆರವಿಗೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕ ಇದೆ, ಅಂತಿಮ ಆದೇಶ ಜಿಲ್ಲಾಧಿಕಾರಿಯದು. ಮದುವೆಯಾಗಿ ಎರಡು ವರ್ಷ ಆಗಿರಬೇಕು. ಎರಡು ವರ್ಷದೊಳಗಿನ ಮಗು ಬೇಕಾದರೆ ಗಂಡ ಹೆಂಡತಿಯ ವಯಸ್ಸು ಕೂಡಿಸಿ 85 ಮೀರಿರಬಾರದು. ಸರದಿ ಬರಲು ಕೆಲವು ವರ್ಷವೇ ಹಿಡಿಯುತ್ತದೆ, ಅದರ ಲೆಕ್ಕ ನೋಂದಣಿಯಾದ ದಿನದಿಂದ.